ತಾಳೆಯಾಗದ 29

ಲೆಕ್ಕ ತಾಳೆಯಾಗದೆ ಸಣ್ಣ ಮೊತ್ತವೊಂದು ಉಳಿದಾಗ ಅದನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮನೆಗೆ ಹೊರಡುವ ಆಸೆ ನನ್ನಂಥ ಲೆಕ್ಕಿಗರಿಗೆ ಹೊಸದಲ್ಲ. ಗಣಿತದ ಚರಿತ್ರೆಯಲ್ಲೂ ಅಂಥದೊಂದು ಉಳಿಕೆಯಿದೆ.

10 ಲಕ್ಷದೊಳಗೆ 78,498 ಅವಿಭಾಜ್ಯ ಸಂಖ್ಯೆಗಳಿವೆ. ಗೌಸ್ ಹದಿಹರೆಯದಲ್ಲೇ ಕಂಡುಕೊಂಡ ದಾರಿಯಲ್ಲಿ ಅಂದಾಜು ಮಾಡಿದರೆ ಸುಮಾರು 130 ಹೆಚ್ಚು ಬರುತ್ತದೆ. 1859ರಲ್ಲಿ ರೀಮಾನ್ ಬರೆದ ಪುಟ್ಟ ಲೇಖನದ ಸೂತ್ರ ಆ ವ್ಯತ್ಯಾಸವನ್ನು 29ಕ್ಕೆ ಇಳಿಸಿತು. ಅವರು ಆ ಉಳಿಕೆಯನ್ನೂ ಬಿಡಲಿಲ್ಲ. ಶಾಖದ ಹರಿವನ್ನು ಲೆಕ್ಕ ಹಾಕಹೊರಟ ಫೂರ್ಯೆ, ಮೆಟ್ಟಿಲಿನಂಥ ಗೆರೆಯನ್ನೂ ನಯವಾದ ಅಲೆಗಳ ಮೊತ್ತವಾಗಿ ಬರೆಯಬಹುದೆಂದು 1822ರ ಪುಸ್ತಕದಲ್ಲಿ ತೋರಿಸಿದ್ದರು. ರೀಮಾನ್ ಸೂತ್ರದ ಬಗೆಯೂ ಅದೇ. ಜೀಟಾ ಎಂಬ ಫಲನ ಸೊನ್ನೆಯಾಗುವ ಒಂದೊಂದು ಬಿಂದುವಿಗೂ ಒಂದೊಂದು ಅಲೆ. ಎಲ್ಲವನ್ನೂ ಸೇರಿಸಿದರೆ ಅವಿಭಾಜ್ಯಗಳ ಮೆಟ್ಟಿಲು ಪೈಸೆಗೆ ಪೈಸೆ ತಾಳೆಯಾಗುತ್ತದೆ.

1913ರಲ್ಲಿ ಮದರಾಸು ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗದ ಗುಮಾಸ್ತರೊಬ್ಬರು ಕೇಂಬ್ರಿಜ್‌ನ ಹಾರ್ಡಿಯವರಿಗೆ ಪತ್ರ ಬರೆದರು. ರೀಮಾನ್ ಸೂತ್ರದ ಮೊದಲ ಭಾಗವನ್ನು ಆ ಗುಮಾಸ್ತ, ರಾಮಾನುಜನ್, ಯಾರ ನೆರವೂ ಇಲ್ಲದೆ ಕಂಡುಕೊಂಡಿದ್ದರು. ಉಳಿದ ವ್ಯತ್ಯಾಸ ನಗಣ್ಯವೆಂದು ನಂಬಿದ್ದರು. ಅಲೆಗಳು ಅವರ ಲೆಕ್ಕಕ್ಕೆ ಬಂದಿರಲಿಲ್ಲ. ಆದರೆ ಅವು ನಗಣ್ಯವಲ್ಲ. ಗೌಸ್ ಅಂದಾಜಿನ ಹೆಚ್ಚಳ ಎಲ್ಲೋ ಬಹುದೂರದಲ್ಲಿ ಕೊರತೆಯಾಗುತ್ತದೆ, ಹೀಗೆ ಮತ್ತೆ ಮತ್ತೆ ತಿರುವುಮುರುವಾಗುತ್ತದೆ ಎಂದು 1914ರಲ್ಲಿ ಲಿಟಲ್‌ವುಡ್ ಸಾಧಿಸಿದರು. ರಾಮಾನುಜನ್ ಕೇಂಬ್ರಿಜ್ ತಲುಪಿದ್ದೂ ಅದೇ ವರ್ಷ.

ಆ ಅಲೆಗಳು ಎಷ್ಟು ಎತ್ತರ ಏಳಬಲ್ಲವು ಎಂಬ ಪ್ರಶ್ನೆ ರೀಮಾನ್ ಊಹೆಯ ಹೆಸರಲ್ಲಿ ಇಂದಿಗೂ ಇತ್ಯರ್ಥವಾಗದೆ ಉಳಿದಿದೆ. ನಮ್ಮದೇ ಕಸುಬಿನ ಆ ಗುಮಾಸ್ತರ ತಪ್ಪನ್ನು ಓದಿದಂದಿನಿಂದ, ಸಣ್ಣ ಉಳಿಕೆಯನ್ನು ಸಸ್ಪೆನ್ಸಿಗೆ ತಳ್ಳುವಾಗ ನನ್ನ ಕೈ ತುಸು ತಡೆಯುತ್ತದೆ.