ಕೆಲಸ ಬಿಟ್ಟ ಹಲಗೆ

2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೊದಲ ಸಲ ಕಂಬಳ, ಅಂದರೆ ಕರಾವಳಿಯ ಕೆಸರುಗದ್ದೆಯ ಕೋಣಗಳ ಓಟ, ನಡೆಯಿತು. ಮೇಖ್ರಿ ವೃತ್ತದ ಮಗ್ಗುಲಲ್ಲೇ ‘ರಾಜ–ಮಹಾರಾಜ’ ಎಂಬ ಜೋಡುಕರೆ, ಅಂದರೆ ಅಕ್ಕಪಕ್ಕದ ಎರಡು ಓಟದ ಕಣ, ಕಟ್ಟಿ ನೀರು ತುಂಬಿಸಿದ್ದರು. ಕರಾವಳಿಯಿಂದ 150ಕ್ಕೂ ಹೆಚ್ಚು ಜೋಡಿ ಕೋಣಗಳು ಲಾರಿಗಳಲ್ಲಿ ಘಟ್ಟ ಹತ್ತಿ ಬಂದವು. ಗದ್ದೆಯ ಆಟವನ್ನು ಗದ್ದೆಯೇ ಇಲ್ಲದ ಊರಿಗೆ ತಂದರೆ ಉಳಿಯುವುದು ಬರೀ ತೋರಿಕೆ ಎಂಬ ಆಕ್ಷೇಪ ಆಗ ಕೇಳಿಬಂತು. ಮೇಲ್ನೋಟಕ್ಕೆ ಅದು ನ್ಯಾಯವಾದ ಮಾತೇ. ಆದರೆ ಕೋಣಗಳ ಹಿಂದೆ ಕಟ್ಟುವ ಸಲಕರಣೆಗಳನ್ನು ನೋಡಿದರೆ, ಕಂಬಳ ಬೇಸಾಯದಿಂದ ಬೇರೆಯಾದದ್ದು ಬೆಂಗಳೂರಿನ ಲಾರಿ ಹತ್ತಿದಾಗ ಅಲ್ಲ, ಅದಕ್ಕೂ ಬಹಳ ಹಿಂದೆ, ಕರಾವಳಿಯಲ್ಲೇ ಎಂಬುದು ತಿಳಿಯುತ್ತದೆ.

ಕಂಬಳದ ಸ್ಪರ್ಧೆಗಳನ್ನು ವಿಂಗಡಿಸುವುದು ಕೋಣಗಳಿಗೆ ಕಟ್ಟುವ ಸಲಕರಣೆಯ ಮೇಲೆ: ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ. ನೇಗಿಲು ವಿಭಾಗದ ನೇಗಿಲು ಉಳುವುದಿಲ್ಲ. ಓಟಕ್ಕೆಂದೇ ಹಗುರವಾಗಿ ಮಾಡಿದ ಮರದ ತುಂಡು ಅದು. ಹಗ್ಗದಲ್ಲಿ ಅಷ್ಟೂ ಇಲ್ಲ. ಅಡ್ಡಹಲಗೆಯಲ್ಲಿ ಮಾತ್ರ ಕೆಸರು ಮಟ್ಟ ಮಾಡುವ ಹಲಗೆಯ ನೆನಪು ಉಳಿದಿದೆ. ಓಟಗಾರ ಅದರ ಮೇಲೆ ನಿಂತೇ ಸಾಗುತ್ತಾನೆ. ಎಲ್ಲಕ್ಕಿಂತ ವಿಚಿತ್ರ ಕನೆಹಲಗೆ. ದಪ್ಪನೆಯ ಮರದ ತುಂಡು, ಅದರಲ್ಲಿ ಓರೆಯಾಗಿ ಕೊರೆದ ತೂತುಗಳು. ಒಂದು ಕಾಲನ್ನು ಅದರ ಮೇಲೆ ಊರಿ, ಕೋಣದ ಬಾಲ ಹಿಡಿದು ನಿಂತವನ ಭಾರಕ್ಕೂ ಕೋಣಗಳ ವೇಗಕ್ಕೂ ಸಿಕ್ಕಿದ ಕೆಸರುನೀರು ತೂತುಗಳಿಂದ ಚಿಮ್ಮುತ್ತದೆ. ಇಲ್ಲಿ ಮೊದಲು ಮುಟ್ಟಿದವರು ಯಾರೆಂಬ ಲೆಕ್ಕವಿಲ್ಲ. ಮೇಲೆ ಕಟ್ಟಿದ ಬಟ್ಟೆಗೆ, ಅಂದರೆ ಆರೂವರೆ ಕೋಲು ಅಥವಾ ಏಳೂವರೆ ಕೋಲು ಎತ್ತರದ ನಿಶಾನೆಗೆ, ನೀರು ಹಾಯಿತೇ ಎಂಬುದೊಂದೇ ಪ್ರಶ್ನೆ. ಹೀಗೆ ನೀರು ಹಾರಿಸುವುದರಿಂದ ಯಾವ ಗದ್ದೆಗೂ ಲಾಭವಿಲ್ಲ. ನೋಡುವವರ ಕಣ್ಣಿಗಾಗಿಯೇ ಯಾರೋ ತಲೆ ಓಡಿಸಿ ರೂಪಿಸಿದ ವಾಹನ ಇದು, ಚಕ್ರವಿಲ್ಲದಿದ್ದರೇನಂತೆ. ಅದೇ ನವೆಂಬರಿನಲ್ಲಿ, ಮೇಖ್ರಿ ವೃತ್ತದಿಂದ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ದಾಟಿದರೆ ಸಿಗುವ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿಮೇಳದಲ್ಲಿ ಕೆಲಸದ ಉಪಕರಣಗಳು ಸಾಲಾಗಿ ನಿಂತಿದ್ದವು. ಕನೆಹಲಗೆಯನ್ನು ಅಲ್ಲಿಟ್ಟಿದ್ದರೆ ಯಾವ ರೈತನೂ ಅದರ ಬೆಲೆ ಕೇಳುತ್ತಿರಲಿಲ್ಲ.

ಹಾಗಾದರೆ ಕಂಬಳದ ಜೊತೆಗಿರುವ ದೈವ, ಹರಕೆ, ಪೂಕರೆ ಇವೆಲ್ಲ ಸುಳ್ಳೇ ಎಂದು ಕೇಳಬಹುದು. ಖಂಡಿತ ಅಲ್ಲ. ಗದ್ದೆಯಲ್ಲಿ ಸಿಂಗರಿಸಿದ ಅಡಿಕೆ ಮರದ ಕಂಬ ನೆಡುವ ಪೂಕರೆ ಕಂಬಳಕ್ಕೆ ಆ ಗದ್ದೆಯೇ ಬೇಕು. ಅದನ್ನು ಲಾರಿಯಲ್ಲಿ ತರಲಾಗದು, ತರಲು ಯಾರೂ ಹೊರಟಿಲ್ಲ. ಬೆಂಗಳೂರಿಗೆ ಬಂದದ್ದು ಜೋಡುಕರೆಯ ಪಂದ್ಯ. ಕರಾವಳಿಯಲ್ಲೇ, ಐಕಳದ ‘ಕಾಂತಾಬಾರೆ–ಬೂದಾಬಾರೆ’ಯಲ್ಲಾಗಲಿ ಉಪ್ಪಿನಂಗಡಿಯ ‘ವಿಜಯ–ವಿಕ್ರಮ’ದಲ್ಲಾಗಲಿ ಅದಾಗಲೇ ಅಳತೆಯ ಕರೆ, ಸೆಕೆಂಡಿನ ನೂರರ ಭಾಗದ ಲೆಕ್ಕ, ಬಂಗಾರದ ಬಹುಮಾನಗಳ ಆಟವಾಗಿತ್ತು. 2020ರಲ್ಲಿ ಐಕಳದಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತಲ್ಲ, ಎಳೆಯುವ ಕೋಣಗಳನ್ನು ಮರೆತು ಮಾಡಿದ ಹೋಲಿಕೆಯಾದರೂ ಅದು ಆಟದ ಭಾಷೆಯೇ.

ಈ ವಾದಕ್ಕೆ ಇನ್ನೊಂದು ಅಲಗೂ ಇದೆ. ಜಲ್ಲಿಕಟ್ಟನ್ನು ನಿಷೇಧಿಸಿದ 2014ರ ಸುಪ್ರೀಂ ಕೋರ್ಟ್ ತೀರ್ಪಿನ ನೆರಳಲ್ಲಿ ಕಂಬಳ ನಿಂತುಹೋದಾಗ ಅದನ್ನು ಉಳಿಸಿದ್ದು ಪರಂಪರೆಯ ಹೆಸರು. ಪ್ರಾಣಿಹಿಂಸೆ ತಡೆ ಕಾಯ್ದೆಗೆ ರಾಜ್ಯದ 2017ರ ತಿದ್ದುಪಡಿ ಆ ನೆಲೆಯಲ್ಲೇ ಬಂತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಮರುವರ್ಷ ಬೆಂಗಳೂರಿನ ಕಂಬಳದ ವಿರುದ್ಧ ಪ್ರಾಣಿಗಳ ಹಕ್ಕಿಗಾಗಿ ಹೋರಾಡುವ ಪೇಟಾ ಸಂಸ್ಥೆ ಹೈಕೋರ್ಟಿಗೆ ಹೋಯಿತು. ಸಲಕರಣೆಗಳ ಸಾಕ್ಷಿಯನ್ನು ಒಪ್ಪಿದರೆ ಇದು ಕರಾವಳಿಯದೋ ಅಲ್ಲವೋ ಎಂಬ ತಕರಾರು ಹಗುರವಾಗುತ್ತದೆ, ಆದರೆ ‘ರೈತನ ಸಂಪ್ರದಾಯ’ ಎಂಬ ಗುರಾಣಿಯೂ ಅಷ್ಟೇ ತೆಳುವಾಗುತ್ತದೆ. ಆಗ ಕಂಬಳದ ಪರ ನಿಂತವರು ಉತ್ತರಿಸಬೇಕಾದದ್ದು ಲಾರಿಯಲ್ಲಿ ಕಳೆದ ಗಂಟೆಗಳ ಬಗ್ಗೆ, ಬೆತ್ತದ ಬಗ್ಗೆ, ಒಂದೇ ದಿನ ಒಂದು ಜೋಡಿಯನ್ನು ಎಷ್ಟು ಸಲ ಕರೆಗಿಳಿಸುತ್ತಾರೆ ಎಂಬುದರ ಬಗ್ಗೆ. ಈ ಪ್ರಶ್ನೆಗಳು ಐಕಳಕ್ಕೂ ಅನ್ವಯಿಸುತ್ತವೆ, ಅರಮನೆ ಮೈದಾನಕ್ಕೂ.