ಬಳೆಯ ಗಾಜು, ನವಿಲಿನ ಗಾಜು

ತೆಲುಗಿನಲ್ಲಿ 'ಗಾಜು' ಎಂದರೆ ಗಾಜೂ ಹೌದು, ಬಳೆಯೂ ಹೌದು. ಎರಡು ನುಡಿಗಳು ಒಂದೇ ಬೀದಿಯಲ್ಲಿ ಓಡಾಡುವ ಬಳ್ಳಾರಿಯಲ್ಲಿ, ಅದರಲ್ಲೂ ನಾನಿರುವ ಬ್ರೂಸ್‌ಪೇಟೆಯಲ್ಲಿ, ಇದು ಎಲ್ಲರೂ ಬಲ್ಲ ಸಂಗತಿ. ಕನ್ನಡದ 'ಬಳೆ'ಯಾದರೋ 'ಬಳಸು' ಎಂಬ ಮಾತಿನ ಬಂಧು. ಕೈಯನ್ನು ಸುತ್ತಿ ನಿಂತದ್ದು ಬಳೆ. ನಾವು ಆಕಾರವನ್ನು ನೋಡಿ ಹೆಸರಿಟ್ಟೆವು, ನೆರೆಯವರು ದ್ರವ್ಯವನ್ನು ನೋಡಿ. ಗಾಜೆಂದೊಡನೆ ಈ ಸೀಮೆಯಲ್ಲಿ ಬಳೆ ನೆನಪಾಗುವುದಕ್ಕೆ ಇತಿಹಾಸದಲ್ಲಿ ಕಾರಣವುಂಟು.

ಇಂದು ಪಾಶ್ಚಾತ್ಯ ದೇಶಗಳಲ್ಲಿ ಗಾಜಿನ ಶಿಲ್ಪಕ್ಕೆ ದೊಡ್ಡ ಮನ್ನಣೆಯಿದೆ. 1962ರಲ್ಲಿ ಅಮೆರಿಕದ ಟೊಲಿಡೊ ನಗರದ ಕಲಾ ವಸ್ತುಸಂಗ್ರಹಾಲಯದಲ್ಲಿ ಹಾರ್ವೆ ಲಿಟಲ್‌ಟನ್ ಎಂಬವರು ಸಣ್ಣದೊಂದು ಕುಲುಮೆ ಹೂಡಿ, ಕಾರ್ಖಾನೆಯ ಹಂಗಿಲ್ಲದೆ ಕಲಾವಿದನೊಬ್ಬನೇ ಗಾಜನ್ನು ಕರಗಿಸಿ ಊದಬಹುದೆಂದು ತೋರಿಸಿದರು. ಅವರ ಶಿಷ್ಯ ಡೇಲ್ ಚಿಹುಲಿ 1968ರಲ್ಲಿ ವೆನಿಸ್ಸಿಗೆ ಹೋಗಿ ಅಲ್ಲಿನ ಕುಶಲಿಗಳ ಕೆಲಸವನ್ನು ಕಂಡುಬಂದರು. ಮುಂದೆ ಅವರು ಕಡಲಚಿಪ್ಪು, ಹೂ, ಬಳ್ಳಿಗಳನ್ನು ನೆನಪಿಗೆ ತರುವ ರೂಪಗಳನ್ನು ಗಾಜಿನಲ್ಲಿ ಅರಳಿಸಿದರು. ಇವುಗಳಲ್ಲಿ ಅರ್ಧ ಕೆಲಸ ಬೆಳಕಿನದು. ದೀಪವಾರಿದರೆ ಶಿಲ್ಪವೂ ಮಂಕಾಗುತ್ತದೆ.

ಸಣ್ಣ ಕುಲುಮೆ ಅವರಿಗೆ ಹೊಸದಾಗಿದ್ದೀತು, ನಮಗಲ್ಲ. ಬಳ್ಳಾರಿಗೆ ಸಮೀಪದ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಗಾಜಿನ ಮಣಿಗಳೂ ಬಳೆಯ ತುಂಡುಗಳೂ ದೊರೆತುವು. ಇನ್ನು ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದಾಗ, ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಗಾಗಿ ಗಾಜು ಮಾಡುವುದನ್ನು ಕಂಡು ವಿವರವಾಗಿ ಬರೆದಿಟ್ಟ.

ಮತ್ತೋಡಿನವರ ಸಾಮಗ್ರಿ ಬಹಳ ಸರಳವಾದುದು. ಬೆಣಚುಕಲ್ಲನ್ನು ಪುಡಿಮಾಡಿ, ಚೌಳು ಮಣ್ಣಿನಿಂದ ತೆಗೆದ ಸೋಡದ ಉಪ್ಪನ್ನು ಬೆರೆಸಿ, ಮೂಸೆಗೆ ತುಂಬಿ ಕುಲುಮೆಯಲ್ಲಿ ಕರಗಿಸುತ್ತಿದ್ದರು. ಕಲ್ಲು ತಾನಾಗಿ ಸುಲಭದಲ್ಲಿ ಕರಗುವುದಿಲ್ಲ. ಸೋಡ ಸೇರಿದರೆ ಕಡಮೆ ಶಾಖಕ್ಕೇ ಕರಗುತ್ತದೆ. ಬಣ್ಣ ಕೊಡುವುದು ಲೋಹ: ತಾಮ್ರವು ಹಸಿರನ್ನು ತಂದೀತು, ಹೊಗೆಗಟ್ಟಿದ ಉರಿಯಲ್ಲಿ ಅದೇ ತಾಮ್ರವು ಕೆಂಪನ್ನೂ ತಂದೀತು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣಗಳು ಅಲ್ಲಿ ಸಿದ್ಧವಾಗುತ್ತಿದ್ದುವು. ಗಾಜು ಒರಟು, ಬೆಳಕು ಹಾಯದಂಥದು ಎಂದು ಬುಕಾನನ್ ಬರೆದ. ಅದು ನಿಜವೇ. ಆದರೆ ಗದ್ದೆಯ ಹಸಿರನ್ನೂ ಎರೆಭೂಮಿಯ ಕಪ್ಪನ್ನೂ ಬೆಂಕಿಯಿಂದ ಪಡೆದು ಹೆಣ್ಣುಮಕ್ಕಳ ಕೈಗೆ ತೊಡಿಸಿದ ಜಾಣ್ಮೆಯನ್ನು ಕಲೆಯಲ್ಲವೆನ್ನಲು ನನಗೆ ಮನಸ್ಸು ಬಾರದು.

ಬೆಳಕು ಹಾಯುವ ಬಣ್ಣದ ಗಾಜು ಬೇಕಾದಾಗ ಏನಾಯಿತು? ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟು, ಹೆನ್ರಿ ಇರ್ವಿನ್ ನಕ್ಷೆಯಂತೆ ಹೊಸದು 1912ರಲ್ಲಿ ಮುಗಿಯಿತು. ಅದರ ಎಂಟು ಮೂಲೆಯ ಕಲ್ಯಾಣಮಂಟಪದಲ್ಲಿ ತಲೆಯೆತ್ತಿದರೆ ಗಾಜಿನ ನವಿಲುಗಳು. ಬಿಸಿಲು ಅವುಗಳ ಮೂಲಕ ಬಣ್ಣವಾಗಿ ಇಳಿಯುತ್ತದೆ. ನವಿಲು ನಮ್ಮದು, ಬಿಸಿಲು ನಮ್ಮದು. ಗಾಜು ಮಾತ್ರ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದದ್ದು.

ಆ ಸೊಬಗನ್ನು ನಾನು ಹಳಿಯುತ್ತಿಲ್ಲ. ಅರಮನೆಯ ಗಾಜನ್ನು ಕಾಣಲು ಜನ ದೂರದೂರಿಂದ ಬರುತ್ತಾರೆ. ಮತ್ತೋಡಿನ ಹೆಸರನ್ನು ಕೇಳಿದವರೇ ವಿರಳ. ಅಲ್ಲಿನ ಕುಲುಮೆಗಳು ಆರಿ ಬಹುಕಾಲವಾಯಿತು. ಆ ಕುಶಲಿಗಳಲ್ಲಿ ಒಬ್ಬನ ಹೆಸರನ್ನಾದರೂ ನಾವು ನೆನಪಿನಲ್ಲಿ ಉಳಿಸಿಕೊಳ್ಳಲಿಲ್ಲ. ಈಗ ಗಾಜಿನ ಬಳೆಗೆ ಉತ್ತರಪ್ರದೇಶದ ಫಿರೋಜಾಬಾದೇ ಹೆಸರುವಾಸಿ. ಬಳೆಯನ್ನು ಮುತ್ತೈದೆತನದ ಗುರುತೆಂದು ಪೂಜಿಸಿದ ನಾವು ಅದನ್ನು ಮಾಡಿದ ಕೈಯನ್ನು ಮರೆತೆವು. ಕಲೆಯೊಂದು ಅಳಿಯಲು ಇಷ್ಟು ಸಾಕು.

ಸಿರುಗುಪ್ಪದ ಕಡೆಯ ನೀರಾವರಿ ಹೊಲಗಳಲ್ಲಿ ಚೌಳು ಬೆಳ್ಳಗೆ ಮೇಲೆದ್ದಿರುವುದನ್ನು ಕಂಡು ರೈತರು ನಿಟ್ಟುಸಿರಿಡುತ್ತಾರೆ. ಅಂಥ ಮಣ್ಣನ್ನೇ ಬಂಡವಾಳ ಮಾಡಿಕೊಂಡು ಐದು ಬಣ್ಣ ತೆಗೆದವರು ಇದೇ ನಾಡಿನಲ್ಲಿದ್ದರು. ನಮ್ಮ ಕಲಾಶಾಲೆಗಳ ತರುಣರು ಚಿಹುಲಿಯ ಹೂಗಳನ್ನು ಧಾರಾಳವಾಗಿ ನೋಡಲಿ. ಜೊತೆಗೆ ಒಮ್ಮೆ ಮತ್ತೋಡಿಗೂ ಹೋಗಿಬರಲಿ.