ಕೆಲಸಕ್ಕೆ ಕಟ್ಟಿಹಾಕಿದ ಆರೋಗ್ಯ: ಅಮೆರಿಕದ ವಿಮೆಯ ಹಿಂದಿನ ಕಥೆ

2017ರ ಜೂನ್ ತಿಂಗಳು. ಆಗ ನಾನು ಡಲ್ಲಾಸ್ ಪಕ್ಕದ ಊರೊಂದರಲ್ಲಿ ಕೆಲಸ ಮಾಡುತ್ತಿದ್ದೆ. ನನ್ನ ಪ್ರಾಜೆಕ್ಟಿನ ಒಂದು ಭಾಗವನ್ನು ಮುಚ್ಚುವ ನಿರ್ಧಾರವಾಗಿ, ನಾಲ್ಕು ಜನ ಅಮೆರಿಕನ್ ಸಹೋದ್ಯೋಗಿಗಳ ಕೆಲಸ ಹೋಗುವುದಿತ್ತು. ಅವರ ಕೊನೆಯ ದಿನ ಎಂದು ನಾನು ಎಕ್ಸೆಲ್ ಹಾಳೆಯಲ್ಲಿ ತುಂಬಿದ್ದು ಜೂನ್ 30, ಶುಕ್ರವಾರ. ವಾರದ ಕೊನೆ, ತಿಂಗಳ ಕೊನೆ, ತ್ರೈಮಾಸಿಕದ ಕೊನೆ ಎಲ್ಲವೂ ಒಂದೇ ದಿನ. ಲೆಕ್ಕಕ್ಕೆ ಅದಕ್ಕಿಂತ ಅಚ್ಚುಕಟ್ಟಾದ ತಾರೀಕು ಸಿಗುವುದಿಲ್ಲ.

ನಾಲ್ವರಲ್ಲಿ ಒಬ್ಬರು ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ, ಐವತ್ತರ ಆಸುಪಾಸಿನ ಹೆಂಗಸು. ಸುದ್ದಿ ಹೇಳಿದಾಗ ಅವರು ಅಳಲಿಲ್ಲ, ಸಿಟ್ಟಾಗಲಿಲ್ಲ. "ಕೊನೆಯ ದಿನವನ್ನು ಸೋಮವಾರ, ಜುಲೈ 3ಕ್ಕೆ ಹಾಕಬಹುದಾ?" ಎಂದಷ್ಟೇ ಕೇಳಿದರು. ಒಂದು ದಿನದ ಸಂಬಳಕ್ಕೆ ಇಷ್ಟು ಯೋಚನೆಯೇ ಎಂದುಕೊಂಡೆ. ಅದು ನನ್ನ ಮುಖದಲ್ಲಿ ಕಂಡಿರಬೇಕು. ಅವರೇ ಬಿಡಿಸಿ ಹೇಳಿದರು. ಅವರ ಗಂಡನಿಗೆ ಕೀಮೋಥೆರಪಿ ನಡೆಯುತ್ತಿತ್ತು. ಕೆಲಸ ಬಿಟ್ಟ ತಿಂಗಳ ಕೊನೆಯವರೆಗೆ ವಿಮೆ ಇರುತ್ತದೆ ಎಂಬುದು ಅಲ್ಲಿನ ನಿಯಮ. ಜೂನ್ 30ಕ್ಕೆ ಬಿಟ್ಟರೆ ಅದೇ ರಾತ್ರಿ ವಿಮೆ ಮುಗಿಯುತ್ತದೆ. ಜುಲೈ 3ಕ್ಕೆ ಬಿಟ್ಟರೆ ಜುಲೈ ಪೂರ್ತಿ ಇರುತ್ತದೆ.

ಕ್ಯಾನ್ಸರಿಗೂ ಕಚೇರಿಗೂ ಏನು ಸಂಬಂಧ? ಒಬ್ಬನ ಔಷಧಿ ಇನ್ನೊಬ್ಬರ ನೌಕರಿಯ ತಾರೀಕಿಗೆ ಗಂಟು ಬಿದ್ದದ್ದು ಹೇಗೆ? ಆ ರಾತ್ರಿಯಿಂದ ನಾನು ಈ ಚರಿತ್ರೆಯನ್ನು ಓದತೊಡಗಿದೆ. ಓದುತ್ತ ಹೋದಂತೆ ತಿಳಿದದ್ದು ಇಷ್ಟು: ಈ ವ್ಯವಸ್ಥೆಯನ್ನು ಯಾರೂ ಕೂತು ಯೋಚಿಸಿ ಕಟ್ಟಿದ್ದಲ್ಲ.

ಕಥೆ ಶುರುವಾಗುವುದು ಡಲ್ಲಾಸಿನಲ್ಲಿಯೇ. 1929ರಲ್ಲಿ ಬೇಲರ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಒಂದು ತೊಂದರೆಯಿತ್ತು. ಬಂದ ರೋಗಿಗಳು ಬಿಲ್ ಕಟ್ಟಲಾರದೆ ಬಾಕಿ ಉಳಿಸಿ ಹೋಗುತ್ತಿದ್ದರು. ಅಲ್ಲಿನ ಆಡಳಿತ ನೋಡುತ್ತಿದ್ದ ಜಸ್ಟಿನ್ ಫೋರ್ಡ್ ಕಿಂಬಲ್ ಹಿಂದೆ ಡಲ್ಲಾಸಿನ ಶಾಲೆಗಳ ಮುಖ್ಯಸ್ಥರಾಗಿದ್ದವರು. ಬಾಕಿದಾರರಲ್ಲಿ ತಮಗೆ ಗೊತ್ತಿದ್ದ ಶಿಕ್ಷಕಿಯರೇ ಹಲವರಿರುವುದನ್ನು ಅವರು ಕಂಡರು. ಪ್ರತಿಯೊಬ್ಬ ಶಿಕ್ಷಕರೂ ತಿಂಗಳಿಗೆ 50 ಸೆಂಟ್ ಕೊಡಲಿ, ಕಾಯಿಲೆ ಬಿದ್ದರೆ ವರ್ಷಕ್ಕೆ 21 ದಿನ ಆಸ್ಪತ್ರೆಯ ವಾಸ ಕೊಡೋಣ ಎಂದರು. ಇದನ್ನು ಓದುವಾಗ ನನಗೆ ನಮ್ಮ ಯಶಸ್ವಿನಿ ನೆನಪಾಯಿತು. 2003ರಲ್ಲಿ ಕರ್ನಾಟಕದ ಸಹಕಾರಿ ಸಂಘಗಳ ರೈತರಿಗಾಗಿ ಆರಂಭವಾದ ಆ ಯೋಜನೆಯಲ್ಲೂ ಮೊದಲಿಗೆ ಕಟ್ಟಬೇಕಾಗಿದ್ದದ್ದು ತಿಂಗಳಿಗೆ 5 ರೂಪಾಯಿ. ಗುಂಪು ದೊಡ್ಡದಾದಷ್ಟೂ ತಲಾ ಹೊರೆ ಹಗುರ ಎಂಬುದೇ ಎರಡರ ತಿರುಳು.

ಕಿಂಬಲ್ ಅವರ ಉಪಾಯ 1930ರ ದಶಕದ ಆರ್ಥಿಕ ಕುಸಿತದಲ್ಲಿ ಬೇರೆ ಊರುಗಳಿಗೂ ಹಬ್ಬಿತು. ಇಂದಿನ ಬ್ಲೂ ಕ್ರಾಸ್ ವಿಮೆಯ ಬೇರು ಅದೇ. ಅದರ ಉದ್ದೇಶ ರೋಗಿಯನ್ನು ಉಳಿಸುವುದರ ಜೊತೆಗೆ ಆಸ್ಪತ್ರೆಯ ಖಾಲಿ ಹಾಸಿಗೆಗಳನ್ನು ತುಂಬಿ ಅದರ ಬಾಗಿಲು ಮುಚ್ಚದಂತೆ ನೋಡಿಕೊಳ್ಳುವುದೂ ಆಗಿತ್ತು. ಇತ್ತ ಅಧ್ಯಕ್ಷ ರೂಸ್‌ವೆಲ್ಟ್ 1935ರಲ್ಲಿ ಸಾಮಾಜಿಕ ಭದ್ರತೆಯ ಕಾನೂನು ತಂದರು. ಆದರೆ ವೈದ್ಯರ ಸಂಘದ ವಿರೋಧದಿಂದ ಇಡೀ ಮಸೂದೆಯೇ ಬಿದ್ದುಹೋದೀತೆಂಬ ಅಳುಕಿನಿಂದ ಆರೋಗ್ಯ ವಿಮೆಯನ್ನು ಅದರಿಂದ ಹೊರಗಿಟ್ಟರು.

ಮುಖ್ಯ ತಿರುವು ಬಂದದ್ದು ಎರಡನೇ ಮಹಾಯುದ್ಧದಲ್ಲಿ. ಗಂಡಸರು ಸೇನೆಗೆ ಹೋಗಿದ್ದರು, ಕಾರ್ಖಾನೆಗಳಲ್ಲಿ ಕೆಲಸ ಹೆಚ್ಚಿತ್ತು, ಕೈಗಳು ಕಡಿಮೆಯಿದ್ದವು. ಸಂಬಳ ಏರಿದರೆ ಬೆಲೆಯೂ ಏರುತ್ತದೆಂದು 1942ರಲ್ಲಿ ಸರ್ಕಾರ ವೇತನಕ್ಕೆ ಮಿತಿ ಹಾಕಿತು. ಸಂಬಳ ಹೆಚ್ಚಿಸದೆ ಕೆಲಸಗಾರರನ್ನು ಸೆಳೆಯುವುದು ಹೇಗೆ? ವಿಮೆಯಂಥ ಸೌಲಭ್ಯಗಳು ಒಂದು ಮಿತಿಯೊಳಗಿದ್ದರೆ ವೇತನದ ಲೆಕ್ಕಕ್ಕೆ ಬರುವುದಿಲ್ಲ ಎಂಬ ಕಿಂಡಿ ತೆರೆದಿತ್ತು. ಕಂಪನಿಗಳು ಆ ಕಿಂಡಿಯಲ್ಲಿ ನುಗ್ಗಿದವು. ಯುದ್ಧ ಮುಗಿಯಿತು, ಕಿಂಡಿ ಮುಚ್ಚಲಿಲ್ಲ. 1954ರ ತೆರಿಗೆ ಕಾನೂನು ಅದನ್ನು ಹೆಬ್ಬಾಗಿಲು ಮಾಡಿತು. ಕಂಪನಿ ಕೊಡುವ ವಿಮಾ ಕಂತಿಗೆ ನೌಕರ ತೆರಿಗೆ ಕಟ್ಟಬೇಕಿಲ್ಲ ಎಂದು ಖಚಿತವಾಯಿತು. ಅದೇ ಹಣವನ್ನು ಸಂಬಳವಾಗಿ ಪಡೆದರೆ ತೆರಿಗೆ. ವಿಮೆಯಾಗಿ ಪಡೆದರೆ ಇಲ್ಲ. ಯಾರು ತಾನೇ ಬೇಡವೆಂದಾರು? 1940ರಲ್ಲಿ ಹತ್ತರಲ್ಲಿ ಸುಮಾರು ಒಬ್ಬರಿಗೆ ಇದ್ದ ಆಸ್ಪತ್ರೆ ವಿಮೆ 1950ರ ಹೊತ್ತಿಗೆ ಸುಮಾರು ಅರ್ಧದಷ್ಟು ಜನರನ್ನು ತಲುಪಿತ್ತು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದು ಹೊಸದೇನಲ್ಲ. ಇವತ್ತಿನ ಮಟ್ಟಿಗೆ ಎಂದು ಹಾಕಿದ ತೇಪೆಯ ಮೇಲೆ ಹತ್ತು ವರ್ಷ ಕೋಡ್ ಕಟ್ಟುತ್ತಾ ಹೋಗುತ್ತೇವೆ. ಆಮೇಲೆ ಅದನ್ನು ಮುಟ್ಟಲು ಎಲ್ಲರಿಗೂ ಭಯ.

ಮುಟ್ಟಲು ಹೋದವರಿರಲಿಲ್ಲ ಎಂದಲ್ಲ. 1945ರ ನವೆಂಬರಿನಲ್ಲಿ ಅಧ್ಯಕ್ಷ ಟ್ರೂಮನ್ ಇಡೀ ದೇಶಕ್ಕೆ ಒಂದು ಆರೋಗ್ಯ ವಿಮೆ ಬೇಕೆಂದು ಸಂಸತ್ತಿಗೆ ಸಂದೇಶ ಕಳಿಸಿದರು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ತನ್ನ ಸದಸ್ಯರಿಂದ ತಲಾ 25 ಡಾಲರ್ ವಸೂಲಿಗೆ ಇಳಿಯಿತು. ಪ್ರಚಾರದಲ್ಲಿ ಪಳಗಿದ ಸಂಸ್ಥೆಯನ್ನು ನೇಮಿಸಿ, ಇದು ಸಮಾಜವಾದಿ ವೈದ್ಯಕೀಯ ಎಂದು ಸಾರಿತು. ಶೀತಲ ಸಮರದ ಆ ದಿನಗಳಲ್ಲಿ ಆ ಒಂದು ಮಾತೇ ಸಾಕಾಯಿತು. ಯೋಜನೆ ಬಿತ್ತು. ಸರ್ಕಾರದಿಂದ ಬಾರದ್ದನ್ನು ಕಾರ್ಮಿಕ ಸಂಘಗಳು ತಮ್ಮ ತಮ್ಮ ಮಾಲೀಕರಿಂದಲೇ ಚೌಕಾಸಿ ಮಾಡಿ ಪಡೆದವು. ಗಟ್ಟಿ ಸಂಘವಿದ್ದವರಿಗೆ ಒಳ್ಳೆಯ ವಿಮೆ ಸಿಕ್ಕಿತು. ಹೊಲದಲ್ಲಿ, ಹೋಟೆಲಿನಲ್ಲಿ, ಮನೆಗೆಲಸದಲ್ಲಿ ಇದ್ದವರಲ್ಲಿ ಬಹುಮಂದಿಗೆ ಏನೂ ಸಿಗಲಿಲ್ಲ.

ಹಾಗಾದರೆ ನಿವೃತ್ತರ ಗತಿ? ಕಡುಬಡವರ ಗತಿ? ಕೆಲಸದ ಮೂಲಕ ಬರುವ ವಿಮೆ ಇವರನ್ನು ಮುಟ್ಟುವುದು ಕಷ್ಟ. 1965ರ ಜುಲೈ 30ರಂದು ಅಧ್ಯಕ್ಷ ಜಾನ್ಸನ್ 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಕಾನೂನಿಗೆ ಸಹಿ ಹಾಕಿದರು. ಅದಕ್ಕಾಗಿ ಅವರು ಹೋದದ್ದು ಮಿಸೌರಿಯ ಇಂಡಿಪೆಂಡೆನ್ಸ್‌ಗೆ, ಮುದುಕ ಟ್ರೂಮನ್ ಅವರ ಊರಿಗೆ. ಮೆಡಿಕೇರಿನ ಮೊದಲ ಕಾರ್ಡು ಟ್ರೂಮನ್ ಅವರಿಗೇ ಸಂದಿತು. ಇಪ್ಪತ್ತು ವರ್ಷದ ಹಿಂದೆ ಅವರು ಎಲ್ಲರಿಗೂ ಕೇಳಿದ್ದರು. ಈಗ ಬಂದದ್ದು ಕೆಲವರಿಗೆ.

ಉಳಿದವರಿಗೆ ನೌಕರಿಯೇ ದಾರಿ. ಆ ದಾರಿಯೂ ಪುಕ್ಕಟೆಯಲ್ಲ. 2017ರಲ್ಲಿ ಕಂಪನಿಯ ಮೂಲಕ ಒಂದು ಕುಟುಂಬಕ್ಕೆ ಕೊಡುವ ವಿಮೆಯ ಸರಾಸರಿ ಕಂತು ವರ್ಷಕ್ಕೆ 18,764 ಡಾಲರ್. ನೌಕರನ ಸಂಬಳದಿಂದ ಮುರಿಯುತ್ತಿದ್ದದ್ದು ಸರಾಸರಿ 5,714 ಡಾಲರ್, ಉಳಿದದ್ದು ಕಂಪನಿಯದು. ಇಷ್ಟು ಕಟ್ಟಿದ ಮೇಲೂ ಡಾಕ್ಟರ ಹತ್ತಿರ ಹೋದರೆ ಕೈಯಿಂದ ಕೊಡುವುದು ತಪ್ಪದು. ಒಂದು ಉದಾಹರಣೆ ಹಾಕಿ ನೋಡೋಣ. ಆಸ್ಪತ್ರೆ ತನ್ನ ದರಪಟ್ಟಿಯಂತೆ 12,000 ಡಾಲರ್ ಬಿಲ್ ಬರೆಯುತ್ತದೆ. ವಿಮಾ ಕಂಪನಿ ಮೊದಲೇ ಚೌಕಾಸಿ ಮಾಡಿಟ್ಟ ದರ 7,500. ಡಿಡಕ್ಟಿಬಲ್ 1,500 ಎಂದರೆ ಮೊದಲ 1,500 ಪೂರ್ತಿ ನಿಮ್ಮದು. ಉಳಿದ 6,000ದಲ್ಲಿ ಶೇಕಡಾ 20 ನಿಮ್ಮ ಪಾಲು ಎಂದಾದರೆ ಇನ್ನೂ 1,200. ಒಟ್ಟು 2,700. ವಿಮೆಯೇ ಇಲ್ಲದವರಿಗೆ ಮೊದಲು ಕೈಗೆ ಬರುವುದು ಆ 12,000ದ ಬಿಲ್ಲು. ಸಾಮಾನ್ಯವಾಗಿ ಡಿಡಕ್ಟಿಬಲ್ ಪ್ರತಿ ವರ್ಷ ಹೊಸದಾಗಿ ಶುರುವಾಗುತ್ತದೆ. ವರ್ಷದ ನಡುವೆ ವಿಮೆ ಬದಲಾದರೆ ಮತ್ತೆ ಸೊನ್ನೆಯಿಂದ.

ಈ ಗಂಟನ್ನು ಸಡಿಲಿಸಲು ಕಾನೂನುಗಳು ಬಂದಿವೆ. 1986ರಲ್ಲಿ ಜಾರಿಗೆ ಬಂದ ಕೋಬ್ರಾ ಪ್ರಕಾರ, ಕೆಲಸ ಹೋದವರು ಸಾಮಾನ್ಯವಾಗಿ 18 ತಿಂಗಳವರೆಗೆ ಅದೇ ವಿಮೆಯಲ್ಲಿ ಉಳಿಯಬಹುದು. ಆದರೆ ಕಂಪನಿಯ ಪಾಲನ್ನೂ ತಾವೇ ಕಟ್ಟಬೇಕು, ಮೇಲೆ ಶೇಕಡಾ 2ರವರೆಗೆ ನಿರ್ವಹಣಾ ವೆಚ್ಚ. ಸರಾಸರಿ ಲೆಕ್ಕದಲ್ಲಿ ತಿಂಗಳಿಗೆ 480 ಡಾಲರಿನ ಹತ್ತಿರ ಇದ್ದದ್ದು 1,590 ದಾಟುತ್ತದೆ, ಅದೂ ಸಂಬಳ ನಿಂತ ತಿಂಗಳಿನಲ್ಲಿ. 2010ರ ಒಬಾಮಾ ಕಾಲದ ಕಾನೂನು ಇನ್ನೂ ದೊಡ್ಡ ಹೆಜ್ಜೆ. ಮೊದಲೇ ಕಾಯಿಲೆ ಇದೆ ಎಂದು ವಿಮೆ ನಿರಾಕರಿಸುವಂತಿಲ್ಲ ಎಂದಿತು. ಮಕ್ಕಳು 26ರವರೆಗೆ ತಂದೆತಾಯಿಯ ವಿಮೆಯಲ್ಲಿರಬಹುದು ಎಂದಿತು. ಕೆಲಸವಿಲ್ಲದವರೂ ಕೊಳ್ಳಬಹುದಾದ ಮಾರುಕಟ್ಟೆ ತೆರೆಯಿತು, ಕಡಿಮೆ ಆದಾಯದವರಿಗೆ ನೆರವು ಕೊಟ್ಟಿತು. ಇದರಿಂದ ಕೋಟ್ಯಂತರ ಜನರಿಗೆ ಅನುಕೂಲವಾದದ್ದು ನಿಜ. ಹಾಗಿದ್ದೂ 2022ರಲ್ಲಿ ಸುಮಾರು 2.6 ಕೋಟಿ ಜನ ವಿಮೆಯಿಲ್ಲದೆ ಇದ್ದರು. ನೌಕರಿಯ ಗಂಟು ಮಾತ್ರ ಬಿಚ್ಚಿಲ್ಲ.

ಈಗ ನನ್ನ ಸಹೋದ್ಯೋಗಿಯ ಲೆಕ್ಕ ನಿಮಗೂ ಅರ್ಥವಾಗಿರಬೇಕು. ಜೂನ್ ಹೊತ್ತಿಗೆ ಅವರ ಆ ವರ್ಷದ ಡಿಡಕ್ಟಿಬಲ್ ತುಂಬಿತ್ತು. ಗಂಡನ ಡಾಕ್ಟರು ಆ ವಿಮೆಯ ಪಟ್ಟಿಯಲ್ಲಿದ್ದರು. ಮಾರುಕಟ್ಟೆಯಲ್ಲಿ ಹೊಸ ವಿಮೆ ಕೊಂಡರೆ ಡಿಡಕ್ಟಿಬಲ್ ಹೊಸದು, ಡಾಕ್ಟರು ಪಟ್ಟಿಯಲ್ಲಿರುವ ಖಾತ್ರಿ ಇಲ್ಲ. ಕೀಮೋದ ಕೊನೆಯ ಎರಡು ಸುತ್ತು ಜುಲೈನಲ್ಲಿದ್ದವು.

ನಾನು ಮೇಲಿನವರಿಗೆ ಮೇಲ್ ಬರೆದೆ. ಎರಡು ದಿನದಲ್ಲಿ ಒಪ್ಪಿಗೆ ಬಂತು. ಅವರ ತಾರೀಕು ಜುಲೈ 3 ಆಯಿತು. ಒಳ್ಳೆಯ ಕೆಲಸ ಮಾಡಿದೆನೆಂದು ನನಗೇ ಖುಷಿಯಾಗಿತ್ತು.

ಶುಕ್ರವಾರ ಮಧ್ಯಾಹ್ನ ಬೀಳ್ಕೊಡುಗೆಯ ಊಟಕ್ಕೆ ಕುಳಿತಾಗ, ನಾಲ್ವರಲ್ಲಿ ಕಿರಿಯವನು ತನ್ನ ಹೆಂಡತಿಗೆ ಜುಲೈ ಎರಡನೇ ವಾರ ಹೆರಿಗೆ ಎಂದು ಹೇಳಿದ. ಎಲ್ಲರೂ ಶುಭ ಕೋರಿದರು. ಅವನ ಕಾಗದಗಳೆಲ್ಲ ಆಗಲೇ ಜೂನ್ 30ಕ್ಕೆ ಮುಗಿದಿದ್ದವು. ಅವನು ಕೇಳಿರಲಿಲ್ಲ. ಒಬ್ಬರಿಗೆ ಮಾಡಿದ್ದನ್ನು ನಾಲ್ವರಿಗೂ ಮಾಡಬಹುದಲ್ಲ ಎಂದು ನನಗೂ ಹೊಳೆದಿರಲಿಲ್ಲ. ಆ ಊಟದ ರುಚಿ ನನಗೆ ನೆನಪಿಲ್ಲ.

ಈಗ ನಾನು ಪುಣೆಯಲ್ಲಿದ್ದೇನೆ. ಹಾಸನದಲ್ಲಿರುವ ನನ್ನ ಅಮ್ಮನ ಮಂಡಿ ಶಸ್ತ್ರಚಿಕಿತ್ಸೆ ನಡೆದದ್ದು ನನ್ನ ಕಂಪನಿಯ ಗುಂಪು ವಿಮೆಯಲ್ಲಿ. ಈ ಪತ್ರಿಕೆ ಓದುವ ಹಲವರ ಮನೆಯಲ್ಲೂ ಹೀಗೇ ಇರಬಹುದು. ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಎಂದು ನಮ್ಮಲ್ಲಿ ಮಾತಿದೆ. ಕೆಲಸ ಬಿಡುವಾಗ ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಿಸಿಕೊಳ್ಳುವ ಅವಕಾಶ ನಮ್ಮ ನಿಯಮಗಳಲ್ಲಿದೆ. ಆದರೆ ಅದನ್ನು ನಾವಾಗಿ, ಸಮಯಕ್ಕೆ ಮೊದಲೇ ಕೇಳಬೇಕು.

ಹೋದ ವರ್ಷ ನನ್ನ ತಂಡದಿಂದ ಮೂವರನ್ನು ಬಿಡಬೇಕಾಯಿತು. ತಾರೀಕು ತುಂಬುವ ಮೊದಲು ಮೂವರನ್ನೂ ಕರೆದು, ಮನೆಯಲ್ಲಿ ಯಾರಿಗಾದರೂ ಚಿಕಿತ್ಸೆ ನಡೆಯುತ್ತಿದೆಯೇ ಎಂದು ನಾನೇ ಕೇಳಿದೆ. ಒಬ್ಬಳು ಹೌದು ಎಂದಳು.